ಬಲಗೈಗೆ ಬೇರೆ ಅಳತೆ

ಹೋದ ವರ್ಷದ ಗೌರಿ ಹಬ್ಬದ ಮಾತು. ಹಬ್ಬದ ಹಿಂದಿನ ದಿನ ನಮ್ಮ ಮನೆ ಜಗಲಿಯಲ್ಲಿ ಬಳೆಗಾರನ ಮುಂದೆ ಶುರುವಾಗಿದ್ದು, ಆ ವಾರದ ಕೊನೆಗೆ ತುಮಕೂರಿನಿಂದ ವಾಪಸ್ ಬರುವ ಬಸ್ಸಿನಲ್ಲಿ ಮುಗಿಯಿತು. ಮುಗಿಯಿತು ಅಂತ ನಾನು ಅಂದುಕೊಂಡಿದ್ದೇನೆ, ಅಷ್ಟೆ.

ನಮ್ಮದು ತುರುವೇಕೆರೆ ತಾಲ್ಲೂಕಿನಲ್ಲಿ ಸಂಪಿಗೆ ಹತ್ತಿರದ ಊರು. ತೆಂಗಿನ ತೋಟ, ಯಜಮಾನರು, ಅತ್ತೆ, ನಾನು. ಒಬ್ಬಳೇ ಮಗಳು ಸಿಂಚನ ಎಂಟನೇ ಕ್ಲಾಸಿನಿಂದ ತಿಪಟೂರಿನಲ್ಲಿದ್ದಾಳೆ, ನನ್ನ ವಾರಗಿತ್ತಿ ಭಾರತಿಯ ಮನೆಯಲ್ಲಿ. ಭಾರತಿ ಅಂದರೆ ನನ್ನ ಮೈದುನನ ಹೆಂಡತಿ, ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿ ಟೆನಿಸ್ ಆಡಿದವಳು. "ಓದಿಗೂ ಆಗುತ್ತೆ, ಆಟಕ್ಕೂ ಆಗುತ್ತೆ, ಕಳಿಸಿ ಅಕ್ಕ" ಅಂದಳು. ನಾನು ಓದಿಗೆ ಅಂತ ಕಳಿಸಿದೆ.

ಮೊದಲ ದಸರಾ ರಜೆಗೆ ಬಂದಾಗ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಮೀನಖಂಡ ಮುಟ್ಟಿದರೆ ಕಲ್ಲಿನ ಹಾಗಿತ್ತು. ಬೇಸಿಗೆಯಲ್ಲಿ ಬಂದಾಗ ಹಳೇ ಚೂಡಿದಾರಗಳೆಲ್ಲ ಭುಜದಲ್ಲಿ ಹಿಡಿಯುತ್ತಿದ್ದವು. ಅದರ ಮುಂದಿನ ರಜೆಯಲ್ಲಿ ಕೂತು ಮುದ್ದೆ ಮುರಿಯುವಾಗ ನೋಡುತ್ತೇನೆ, ಬಲಗೈ ಎಡಗೈಗಿಂತ ದಪ್ಪ! ನನಗೆ ಗಾಬರಿಯಾಯಿತು.

"ಬಾವು ಬಂದಿದೆಯೇನೇ?" ಅಂತ ಮುಂಗೈ ಒತ್ತಿ ನೋಡಿದೆ.

"ಬಾವಲ್ಲಮ್ಮ, ಮಸಲ್. ಚಿಕ್ಕಮ್ಮಂಗೂ ಹಿಂಗೇ ಇದೆ, ಬೇಕಾದ್ರೆ ನೋಡು" ಅಂತ ನಕ್ಕಳು.

ಆ ಮಾತು ಎಲ್ಲಿ ಹೋಗಿ ಕೂರಬೇಕೋ ಅಲ್ಲೇ ಕೂತಿತು. ಮುಂದಿನ ಸಲ ಭಾರತಿ ಊರಿಗೆ ಬಂದಾಗ, ಅಟ್ಟದಿಂದ ಕೊಬ್ಬರಿ ಇಳಿಸಲು ಕೈ ಚಾಚಿದಳು. ಹೌದು, ಅದೇ ಕೈ. ನಡೆಯುವಾಗ ಮುಂಗಾಲ ಮೇಲೆ ಪುಟಿಯುವ ಅದೇ ನಡಿಗೆ. ಅತ್ತೆ ಬೇರೆ ದಿನಕ್ಕೊಂದು ಸಲ, "ಹೆತ್ತೋಳ ಹಂಗೆ ಇಲ್ಲ ಕಣೇ ಇವ್ಳು, ಥೇಟ್ ಭಾರತೀನೇ" ಅನ್ನುತ್ತಿದ್ದರು. ಮೂಗು ನಂದು, ಕೂದಲು ನಂದು. ಅದು ಹುಟ್ಟುವಾಗ ಕೊಟ್ಟಿದ್ದು, ಮುಗಿದುಹೋಯಿತು. ಈಗ ದಿನಾ ಬೆಳಿಗ್ಗೆ ಎಬ್ಬಿಸಿ, ಓಡಿಸಿ, ಆಡಿಸಿ ಅವಳ ಮೈ ತಿದ್ದುತ್ತಿದ್ದವಳು ಭಾರತಿ. ನಾನು ತುಪ್ಪ ಕಳಿಸಿದರೆ "ಜಾಸ್ತಿ ಬೇಡ ಅಂದ್ರು ಚಿಕ್ಕಮ್ಮ" ಅಂತ ಫೋನು. ಹುರಿಹಿಟ್ಟು ಕಳಿಸಿದರೆ "ಚಿಕ್ಕಮ್ಮ ಚೆನ್ನಾಗಿದೆ ಅಂದ್ರು" ಅಂತ ಫೋನು. ನಿಂಗೆ ಹೇಗಿತ್ತೇ ಅಂತ ಕೇಳಬೇಕು ಅನ್ನಿಸುತ್ತಿತ್ತು, ಕೇಳುತ್ತಿರಲಿಲ್ಲ.

ಹೀಗಿರುವಾಗ ಹಬ್ಬಕ್ಕೆ ಅವರೆಲ್ಲ ಊರಿಗೆ ಬಂದರು. ಬಳೆಗಾರ ಜಗಲಿ ಮೇಲೆ ಕೂತು ಗಂಟು ಬಿಚ್ಚಿದ.

"ಮಗೀಗೆ ಯಾವ ಅಳತೆ ತಾಯಿ?"

"ಎರಡೂ ನಾಲ್ಕು" ಅಂದೆ.

ಭಾರತಿ ಮೆತ್ತಗೆ, "ಅಕ್ಕ, ಬಲಗೈಗೆ ಎರಡೂ ಆರು ಬೇಕಾಗುತ್ತೇನೋ" ಅಂದಳು.

"ನನ್ನ ಮಗಳ ಅಳತೆ ನಂಗೊತ್ತಿಲ್ವೇನೇ ಭಾರತಿ?" ನಗುತ್ತಲೇ ಅಂದೆ. ನಗು ತುಟಿಯಲ್ಲಿ ಮಾತ್ರ ಇತ್ತು.

ಎಡಗೈಗೆ ಹಸಿರು ಬಳೆಗಳು ಸರಸರ ಏರಿದವು. ಬಲಗೈಯಲ್ಲಿ ಮೊದಲ ಬಳೆಯೇ ಹೆಬ್ಬೆರಳ ಬುಡದಲ್ಲಿ ನಿಂತುಬಿಟ್ಟಿತು. ಸೋಪಿನ ನೀರು ತಂದೆ. ಆಗಲಿಲ್ಲ. ನಾನೇ ಒತ್ತಲು ಹೋದೆ.

"ಬುಡಿ ತಾಯಿ, ಒತ್ತಿದ್ರೆ ಮಗೀನ ಕೈಗೇ ಚುಚ್ಚುತ್ತೆ" ಅಂತ ಬಳೆಗಾರ ತಡೆದು, ಎರಡು ಕೈಯನ್ನೂ ತನ್ನ ಕೈಯಲ್ಲಿಟ್ಟುಕೊಂಡು ನೋಡಿದ. "ಇದೇನವ್ವ, ಒಂದೇ ಮೈಗೆ ಇಬ್ರ ಕೈ!"

"ಇನ್ನೇನು ಮತ್ತೆ! ಎಡಗೈ ಅವ್ವಂದು, ಬಲಗೈ ಚಿಕ್ಕವ್ವಂದು" ಅಂದರು ಅತ್ತೆ. ಜಗಲಿಯೆಲ್ಲ ನಕ್ಕಿತು. ಸಿಂಚನಳೂ ನಕ್ಕಳು.

ಭಾರತಿ ಮಾತ್ರ ನಗಲಿಲ್ಲ. ನನಗೆ ಸಮಾಧಾನ ಮಾಡುವಂತೆ ಬಿಡಿಸಿ ಹೇಳಿದಳು. "ರಾಕೆಟ್ ಹಿಡಿಯೋ ಕೈ ಅಲ್ವಾ ಅಕ್ಕ. ಬಿಗಿಹಿಡಿದು ಬೀಸಿ ಬೀಸಿ ಹೆಬ್ಬೆರಳ ಬುಡ, ಮುಂಗೈ ಎಲ್ಲಾ ತುಂಬ್ಕೊಳ್ಳುತ್ತೆ. ಬೆಳೆಯೋ ವಯಸ್ಸಲ್ಲಿ ಶುರು ಮಾಡಿದ್ರೆ ಮೂಳೇನೂ ದಪ್ಪ ಆಗುತ್ತೆ. ಒಂದೇ ಕಡೆ ಎಳೀಬಾರ್ದು ಅಂತ ಎಡಗೈಗೂ ಬೆನ್ನಿಗೂ ಬೇರೆ ಕಸರತ್ತು ಮಾಡಿಸ್ತೀನಿ. ಚೆಂಡು ಹೊಡೆಯೋದು ಕೈ ಅಂತ ಕಾಣುತ್ತೆ ಅಷ್ಟೆ. ಬಲ ಬರೋದು ಕಾಲಿಂದ, ಅಲ್ಲಿಂದ ಸೊಂಟ ತಿರುಗಿ, ಆಮೇಲೆ ಭುಜಕ್ಕೆ."

ನನ್ನ ಮಗಳ ಮೂಳೆಯ ಸುದ್ದಿಯನ್ನು ನನಗೆ ಇನ್ನೊಬ್ಬಳು ಹೇಳುತ್ತಿದ್ದಳು. ಹೂರಣ ರುಬ್ಬುವುದಿದೆ ಅಂತ ಎದ್ದು ಒಳಗೆ ಹೋದೆ. ಆ ವಾರದ ಕೊನೆಗೆ ತುಮಕೂರಿನಲ್ಲಿ ಸಿಂಚನಳಿಗೆ ಟೆನಿಸ್ ಪಂದ್ಯವಿತ್ತು. ಒಳಗಿಂದಲೇ ಕೂಗಿ ಹೇಳಿದೆ, "ತುಮಕೂರಿನ ಆಟಕ್ಕೆ ಈ ಸಲ ನಾನೂ ಬತ್ತೀನಿ." ಅಲ್ಲಿಯವರೆಗೆ ಒಂದು ಆಟಕ್ಕೂ ಹೋದವಳಲ್ಲ. ಅಲ್ಲಿ ಅಂಥದ್ದೇನು ಕೊಡುತ್ತಾಳೆ ಇವಳು, ನಾನು ಕೊಡಲಾಗದ್ದು, ಅಂತ ನೋಡಬೇಕಿತ್ತು.

ಹಬ್ಬ ಮುಗಿದು ಆ ಶನಿವಾರ ಹೋದೆವು. ಸುತ್ತ ತಂತಿ ಬಲೆ ಕಟ್ಟಿದ ಅಂಗಳ, ಮಧ್ಯೆ ನೆಟ್. ಲೆಕ್ಕ ನನಗೆ ತಿಳಿಯಲಿಲ್ಲ. ಮಗಳ ಮೈಯನ್ನೇ ನೋಡುತ್ತಾ ಕೂತೆ. ಭಾರತಿ ಹೇಳಿದ ಹಾಗೇ ಇತ್ತು. ಕಾಲು ನೆಲ ಒದೆಯುತ್ತಿತ್ತು, ಸೊಂಟ ತಿರುಗುತ್ತಿತ್ತು, ಕೈ ಎಲ್ಲಕ್ಕಿಂತ ಕೊನೆಗೆ ಬರುತ್ತಿತ್ತು. ಎಷ್ಟು ಚೆನ್ನಾಗಿದ್ದಳು ಅಂದರೆ, ನೋಡುತ್ತಾ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಬಿಸಿಲು ಜೋರಾಗಿತ್ತು. ಆಟ ಎಳೆದು ಎಳೆದು ಕೊನೇ ಸೆಟ್ಟಿಗೆ ಬಂತು. ಮೂಲೆಗೆ ಬಿದ್ದ ಚೆಂಡಿಗೆ ಓಡಿದವಳು ಧೊಪ್ಪನೆ ಕುಸಿದು, ಮೀನಖಂಡ ಹಿಡಿದುಕೊಂಡು ಕೂಗಿದಳು.

"ಚಿಕ್ಕಮ್ಮಾ!"

ನಮ್ಮ ಕಡೆ ಕಾಲಿಗೆ ಕಲ್ಲು ತಾಗಿದರೂ ಅಮ್ಮಾ ಅನ್ನುತ್ತಾರೆ. ಎದ್ದವಳು ಒಂದು ಕ್ಷಣ ಹಾಗೇ ನಿಂತುಬಿಟ್ಟೆ. ಆಮೇಲೆ ಏನೂ ಯೋಚಿಸಲಿಲ್ಲ, ಬಲೆಯ ಗೇಟು ತಳ್ಳಿಕೊಂಡು ಚಪ್ಪಲಿ ಕಾಲಲ್ಲೇ ಒಳಗೆ ಓಡಿದೆ.

"ಏಯ್, ಯಾರಮ್ಮ ನೀವು? ಹೊರಗೆ ಹೋಗಿ!" ಅಂಪೈರ್ ಎದ್ದು ನಿಂತರು. ನಾನು ಆಗಲೇ ಬಗ್ಗಿ ಅವಳ ಕಾಲಿಗೆ ಕೈ ಚಾಚಿದ್ದೆ.

"ಅಕ್ಕಾ, ಮುಟ್ಟಬೇಡಿ! ಹೊರಗಿನೋರು ಮುಟ್ಟಿದ್ರೆ ಅವಳ ಆಟ ಹೋಗುತ್ತೆ!" ಬಲೆಯ ಆಚೆಯಿಂದ ಭಾರತಿ ಕೂಗಿದಳು.

ಹೆತ್ತ ಮಗಳ ಕಾಲು ಒಂದು ಗೇಣು ದೂರದಲ್ಲಿ ಗಂಟು ಕಟ್ಟಿಕೊಂಡು ನಡುಗುತ್ತಿತ್ತು. ಮುಟ್ಟುವ ಹಾಗಿಲ್ಲ. ಸಿಂಚನ ಕಣ್ಣಲ್ಲಿ ನೀರು ತುಂಬಿಕೊಂಡು, "ಹೋಗಮ್ಮ, ಪ್ಲೀಸ್" ಅಂದಳು. ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಸೆರಗು ಸರಿಮಾಡಿಕೊಂಡು ಗೇಟಿನವರೆಗೆ ನಡೆದು ಬಂದೆನಲ್ಲ, ಆ ನಡಿಗೆಯನ್ನು ಸಾಯುವವರೆಗೂ ಮರೆಯುವುದಿಲ್ಲ.

ಹೊರಗೆ ಬಂದು ನೋಡಿದೆ. ಭಾರತಿ ಎರಡು ಕೈಯ ಬೆರಳನ್ನೂ ತಂತಿಯೊಳಗೆ ತೂರಿಸಿ ಬಿಗಿಯಾಗಿ ಹಿಡಿದಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ಬಲಗಾಲಿನ ಬೆರಳುಗಳು ಮಾತ್ರ ಚಪ್ಪಲಿಯಲ್ಲಿ ತಾವಾಗಿಯೇ ಮೇಲಕ್ಕೆ ಮಡಚಿಕೊಂಡಿದ್ದವು. ಒಳಗೆ ಸಿಂಚನ ತನ್ನ ಕಾಲ್ಬೆರಳು ಹಿಡಿದು ತನ್ನತ್ತ ಎಳೆದುಕೊಂಡಳು, ಹಲ್ಲು ಕಚ್ಚಿದಳು, ಮೆಲ್ಲಗೆ ಎದ್ದಳು. ಕುಂಟುತ್ತಲೇ ಆಡಿದಳು. ಗೆದ್ದಳು.

ವಾಪಸ್ ಬರುವಾಗ ಮೂರು ಜನರ ಸೀಟು ಸಿಕ್ಕಿತು. ಗುಬ್ಬಿ ಬರುವಷ್ಟರಲ್ಲಿ ಸಿಂಚನಳಿಗೆ ನಿದ್ದೆ. ತಲೆ ಭಾರತಿಯ ಭುಜದ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಈಗ ಬೇಡ ಅನ್ನುವವರಿರಲಿಲ್ಲ, ಮೀನಖಂಡ ನೀವುತ್ತಾ ಕೂತೆ. ಭಾರತಿ ಕಿಟಕಿ ಕಡೆ ನೋಡುತ್ತಲೇ ಅಂದಳು.

"ಅಕ್ಕ, ನಿಮ್ಮನ್ನ ನೋಡಿ ಇವತ್ತು ಹೊಟ್ಟೆಕಿಚ್ಚಾಯ್ತು ನಂಗೆ."

"ನನ್ನ ನೋಡಿಯಾ? ಊರೆಲ್ಲ ನಗೋ ಹಂಗೆ ಮಾಡಿದ್ನಲ್ಲೇ."

"ಓಡಿದ್ರಲ್ಲ ನೀವು. ಅವಳು ಕೂಗಿದ್ದು ನನ್ನನ್ನ. ನಿಯಮ ಗೊತ್ತು ಅಂತ ನಾನು ನಿಂತ್ಕೊಂಡೆ."

"ನೀನು ನಿಂತಿದ್ದಕ್ಕೇ ಆಟ ಉಳೀತು."

"ಆದ್ರೂ" ಅಂದಳು. ನಿಜ ಹೇಳಬೇಕೆಂದರೆ, ನನಗೆ ಒಂಥರಾ ಸುಖವೇ ಆಯಿತು.

ಕಿಬ್ಬನಹಳ್ಳಿ ಕ್ರಾಸ್ ಬಂತು. ಅವರಿಬ್ಬರೂ ಸೀದಾ ತಿಪಟೂರಿಗೆ, ನಾನು ಇಲ್ಲಿ ಇಳಿದು ತುರುವೇಕೆರೆ ಬಸ್ಸು ಹಿಡಿಯಬೇಕು. "ಕ್ರಾಸ್ ಇಳಿಯೋರು ಬೇಗ ಇಳೀರಿ" ಅಂತ ಕಂಡಕ್ಟರ್ ಕೂಗಿದ. ನಾನು ಎದ್ದರೆ ಮಲಗಿದ ಮಗಳು ಏಳಬೇಕು.

"ತಿಪಟೂರಿಗೆ ಇನ್ನೊಂದು ಟಿಕೆಟ್ ಕೊಡಪ್ಪ" ಅಂತ ಆಧಾರ್ ಕಾರ್ಡ್ ತೆಗೆದೆ.

"ಫ್ರೀ ಅಂತ ಎಲ್ಲಿಗ್ ಬೇಕಾದ್ರೂ ಹೋಯ್ತೀರಲ್ಲಮ್ಮ" ಅಂತ ಗೊಣಗುತ್ತಾ ಹರಿದುಕೊಟ್ಟ.

ಯಜಮಾನರಿಗೆ ಫೋನ್ ಮಾಡಿ, "ಇವತ್ತು ಹಸು ಹಾಲು ನೀವೇ ಕರೀರಿ" ಅಂದೆ. "ಯಾಕೆ, ಏನಾಯ್ತೇ?" ಅಂತ ಗಾಬರಿಯಾದರು. "ಏನೂ ಆಗಿಲ್ಲ ಕಣ್ರೀ. ನನ್ನ ತೊಡೆ ಮೇಲೆ ಕಾಲಿಟ್ಟು ಮಗಳು ಮಲಗವ್ಳೆ" ಅಂದೆ.

ಹೊಟ್ಟೆಕಿಚ್ಚು ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಈಗಲೂ ಫೋನಿನಲ್ಲಿ "ಚಿಕ್ಕಮ್ಮ ಹೇಳಿದ್ರು" ಅಂದರೆ ಒಳಗೆ ಚುರ್ ಅನ್ನುತ್ತದೆ. ಆದರೆ ಆಟವಿದ್ದ ದಿನ ಈಗ ನಾನೂ ಹೋಗುತ್ತೇನೆ. ಬಲೆಯ ಹೊರಗೆ ಭಾರತಿಯ ಪಕ್ಕ ನಿಲ್ಲುತ್ತೇನೆ. ಮಗಳು ಬಿದ್ದರೆ, ಯಾರನ್ನು ಕೂಗಿದರೂ, ಇಬ್ಬರೂ ಅಲ್ಲೇ ನಿಂತಿರಬೇಕು.