ಪಿಸ್ತೂಲಿನ ಮಣಿ, ಬಾಪನ ನಗು

ಇವತ್ತು ಬೆಳಿಗ್ಗೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಆ ವಾಸನೆಗೆ ಪಾಣೆಮಂಗಳೂರಿನ ನಮ್ಮ ವಾಚು ರಿಪೇರಿ ಅಂಗಡಿ ನೆನಪಾಯಿತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಬಾಪನ, ಅಂದರೆ ನನ್ನ ತಂದೆಯ, ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆ.

ಒಂದು ಸಂಜೆ ತೋಟದ ದಣಿಯೊಬ್ಬರು ಬಂದು ಮೇಜಿನ ಮೇಲೆ ಪಿಸ್ತೂಲು ಇಟ್ಟರು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮಣಿ ಬಿದ್ದುಹೋಗಿತ್ತು.

"ಹೊಸದು ತಂದಿದ್ದೇನೆ ಮಾರಾಯ, ಅಲ್ಲಾಡದ ಹಾಗೆ ಕೂರಿಸಿ ಕೊಡು."

"ಗುಂಡು ಇಲ್ಲ ಅಲ್ವಾ ದಣಿಗಳೇ?" ಎಂದು ಬಾಪ ಕೇಳಿದರು. ದಣಿ ಬಿಚ್ಚಿ ತೋರಿಸಿದರು.

ಬಾಪ ತುದಿಯ ಸೀಳನ್ನು ಬ್ರಶ್ಶಿನಿಂದ ಉಜ್ಜಿ, ಮಣಿಯನ್ನು ಅರದಿಂದ ತುಸು ಸವೆಸಿ, ಪುಟ್ಟ ಸುತ್ತಿಗೆಯಿಂದ ತಟ್ಟಿ ಕೂರಿಸಿ ಸ್ಕ್ರೂ ಬಿಗಿದರು. ಅಷ್ಟರಲ್ಲಿ ದಣಿ ಮೂರು ಸಲ ನಮ್ಮ ಮೆಟ್ಟಿಲ ಮೇಲೆಯೇ ಎಲೆಯಡಿಕೆ ಉಗಿದಿದ್ದರು.

ಆಮೇಲೆ ಅವರು ಪಿಸ್ತೂಲು ಎತ್ತಿ, ರಸ್ತೆಯಲ್ಲಿ ಬರುತ್ತಿದ್ದ ಮೀನು ಮಾರುವ ಜಲಜಕ್ಕನ ಹಣೆಗೆ ಗುರಿ ಹಿಡಿದರು. ಜಲಜಕ್ಕ ಕಿರುಚಿದರು. ತಲೆಯ ಮೇಲಿನ ಬುಟ್ಟಿ ಚರಂಡಿಗೆ ಬಿತ್ತು.

"ಖಾಲಿ ಉಂಟು ಮಾರಾಯ್ತಿ, ಹೆದರಬೇಡ!" ದಣಿ ಕೆಂಪು ಹಲ್ಲು ಬಿಟ್ಟು ನಕ್ಕರು. ಬಾಪನೂ ನಕ್ಕರು.

ನಾನು ಓಡಿಹೋಗಿ ಕೊಳಚೆಯಿಂದ ಬಂಗುಡೆ ಮೀನು ಹೆಕ್ಕಿದೆ. ಜಲಜಕ್ಕ ಬುಟ್ಟಿಯನ್ನು ನೆಟ್ಟಗಿಟ್ಟು, "ನಿನ್ನ ಬಾಪನೂ ನಗಾಡಿದ್ರಲ್ಲಾ ಮಗಾ" ಎಂದರು. ಅಂದು ಬಾಪ ತಂದ ತಿಂಡಿಯನ್ನು ನಾನು ಮುಟ್ಟಲಿಲ್ಲ.

ಇವತ್ತು ಮೊದಲ ಸಲ ಬಾಪನನ್ನು ಕೇಳಿದೆ, "ಅವತ್ತು ಜಲಜಕ್ಕನನ್ನು ನೋಡಿ ಯಾಕೆ ನಕ್ಕದ್ದು ಬಾಪಾ?"

ಬಾಪ ಕನ್ನಡಕ ತೆಗೆದು ಒರೆಸಿದರು. "ಗುರಿ ಸರಿ ಮಾಡಿ ಕೊಟ್ಟದ್ದು ನಾನೇ ಅಲ್ವಾ ಮಗಾ. ನಗದಿದ್ದರೆ ನನ್ನ ತಪ್ಪೂ ಉಂಟು ಅಂತ ಒಪ್ಪಿದ ಹಾಗೆ. ನಗದೆ ಏನು ಮಾಡುವುದು?" ಎಂದರು.

ಆ ನಗುವಿನ ಮೇಲಿನ ನನ್ನ ಹೇಸಿಗೆ ಇನ್ನೂ ಹೋಗಿಲ್ಲ.