ಪಣಜಿಗೆ ಹೋದ ಉಡಿ

ಗಂಡನ ಹುಟ್ಟುಹಬ್ಬಕ್ಕೆ ನಾನು ಕೊಟ್ಟ ಉಡುಗೊರೆ ಪಣಜಿ. ಮನೆಯಲ್ಲಿ ಹೇಳಿ ಹೋಗಿದ್ದು ಕೊಲ್ಲಾಪುರ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಅಂತ ಇಟ್ಟುಕೊಂಡರೆ ನಾನು ಹೇಳುವುದೇ ಇಲ್ಲ, ನನ್ನ ಸ್ವಭಾವ ನನಗೆ ಗೊತ್ತು.

ನನ್ನ ತವರು ಮೈಂದರ್ಗಿ, ಒಕ್ಕಲುತನದ ಮನೆ. ಗಂಡನದು ಸೊಲ್ಲಾಪುರದಲ್ಲಿ ಬಟ್ಟೆ ವ್ಯಾಪಾರದ ಮನೆ. ಈ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ ಮುಗಿದ ಮೇಲೆ ಶಕುನಕ್ಕೆ ಅಂತ ಎಲ್ಲರೂ ಒಂದೆರಡು ಕೈ ಇಸ್ಪೀಟು ಆಡುತ್ತಾರೆ. ಅಷ್ಟು ಮಡಿ ಮಾಡುವ ನಮ್ಮ ಅತ್ತೆ ಕೂಡ ಕನ್ನಡಕ ಏರಿಸಿಕೊಂಡು ಕೂಡುತ್ತಾರೆ. ನಾನು ಮೊದಲ ಸಲ ಎಲೆ ಹಿಡಿದದ್ದು ಅಲ್ಲಿ. ಮೂರು ಕೈ ಗೆದ್ದೆ. ನನಗೆ ಅಷ್ಟೇ ಸಾಕಾಯಿತು. ಮರುದಿನದಿಂದ ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಇಪ್ಪತ್ತೊಂದರ ಆಟ ಕಲಿತೆ. ನಮ್ಮ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು, ಆಟ ನಡೆಸುವವರಿಗಿಂತ ಹೆಚ್ಚಿರಬೇಕು, ಅಷ್ಟೇ ಆಟ. ಎದುರಿಗೆ ಆರು ಬಿದ್ದರೆ ಏನು ಮಾಡಬೇಕು, ಹತ್ತು ಬಿದ್ದರೆ ಏನು ಅಂತ ಒಂದು ಪಟ್ಟಿ ಬರೆದು ಹಿಟ್ಟಿನ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೆ. ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡುತ್ತಿದ್ದೆ. ಯಾರೂ ಕಲಿಸಿದ್ದಲ್ಲ, ನಾನೇ ಕಲಿತದ್ದು ಅನ್ನುವ ಹಮ್ಮು ಬೇರೆ.

ಗಂಡನಿಗೆ ಪಟ್ಟಿ ತೋರಿಸಿದೆ. "ಇಷ್ಟ ಸಾಲ್ಯಾಗ ಓದಿದ್ರ ಕಲೆಕ್ಟರ್ ಆಗ್ತಿದ್ದಿ," ಅಂದರು. ನಕ್ಕರು, ಆದರೆ ಬೇಡ ಅನ್ನಲಿಲ್ಲ. ಪಣಜಿಯ ಹೊಳೆಯಲ್ಲಿ ಜೂಜಿನ ಹಡಗುಗಳು ನಿಂತಿರುತ್ತವೆ, ಗಂಡ ಹೆಂಡತಿ ಜೋಡಿಯಾಗಿಯೇ ಹೋಗುತ್ತಾರೆ, ಹುಟ್ಟುಹಬ್ಬಕ್ಕೆ ಕೇಕು ಅವರೇ ಕೊಡುತ್ತಾರೆ ಅಂತ ನಾನೇ ಎಲ್ಲಾ ಹುಡುಕಿ ತೆಗೆದೆ. ಶುಕ್ರವಾರ ರಾತ್ರಿ ಬಸ್ಸು, ರವಿವಾರ ವಾಪಸ್ಸು. ಮನೆಯಲ್ಲಿ ಜೂಜು ಅನ್ನೋ ಹಾಗಿಲ್ಲ. ಹುಟ್ಟುಹಬ್ಬಕ್ಕೆ ಕೊಲ್ಲಾಪುರದ ಅಮ್ಮನ ದರ್ಶನ ಮಾಡಿ ಬರುತ್ತೇವೆ ಅಂದೆವು. ಬರುವಾಗ ಅಲ್ಲಿ ಇಳಿದು ದರ್ಶನ ಮಾಡಿದರಾಯಿತು, ಸುಳ್ಳು ಅರ್ಧವೇ ಆಗುತ್ತದೆ ಅಂತ ಲೆಕ್ಕ ಹಾಕಿದ್ದೆ.

ನಮ್ಮ ಕಡೆ ಒಂದು ರೂಢಿ ಇದೆ. ಯಾರಾದರೂ ಕ್ಷೇತ್ರಕ್ಕೆ ಹೊರಟರೆ ಅವರೊಬ್ಬರೇ ಹೋಗುವುದಿಲ್ಲ. ಮನೆಯವರ, ನೆರೆಯವರ ಹರಕೆಯೆಲ್ಲ ಅವರ ಚೀಲದಲ್ಲಿ ಹೋಗುತ್ತದೆ. ಇದು ನನಗೆ ಹೊಳೆಯಲೇ ಇಲ್ಲ.

ನನ್ನ ನಾದಿನಿಯನ್ನು ಅಕ್ಕಲಕೋಟೆಗೆ ಕೊಟ್ಟಿದೆ. ಹಿಂದೆ ಎರಡು ಸಲ ಗರ್ಭ ಇಳಿದಿತ್ತು. ಈಗ ಐದನೇ ತಿಂಗಳು. ಐದನೇ ತಿಂಗಳು ಮುಟ್ಟಿದರೆ ಕೊಲ್ಲಾಪುರದ ಅಮ್ಮನಿಗೆ ಉಡಿ ತುಂಬಿಸುತ್ತೇನೆ ಅಂತ ಅತ್ತೆ ಬೇಡಿಕೊಂಡಿದ್ದರಂತೆ. ಅವರ ಮೊಣಕಾಲು ನೋವಿಗೆ ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಪಾಳಿಯಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ನಾವು ಕೊಲ್ಲಾಪುರ ಅಂದ ಕೂಡಲೇ ಅವರ ಕಣ್ಣು ತುಂಬಿದವು.

"ನೋಡವಾ, ಯಾರಿಗೆ ಹೇಳಲಿ ಅಂತ ಕುಂತಿದ್ದೆ. ಅಕಿನ ನಿಮ್ಮನ್ನ ಕರಿಸಿಕೊಳ್ಳಾಕತ್ತಾಳ."

ಆಗಲೇ ಹೇಳಬಹುದಿತ್ತು. ನಾನು ತಲೆ ಮೇಲೆ ಸೆರಗು ಹೊದ್ದುಕೊಂಡು ಎರಡೂ ಕೈಯಲ್ಲಿ ಉಡಿ ತೆಗೆದುಕೊಂಡೆ. ಹಸಿರು ಸೀರೆ, ಖಣ, ಕಾಯಿ, ಅಕ್ಕಿ, ಅರಿಶಿನ ಕೊಂಬು, ಬಳೆ. ನೆಲಕ್ಕೆ ಇಡಬೇಡ, ತುಂಬುವಾಗ ನಾದಿನಿಯ ಹೆಸರು ಹೇಳು, ಅಂದರು ಅತ್ತೆ. ಮರುದಿನದ ಹುಟ್ಟುಹಬ್ಬಕ್ಕೆ ಮಗ ಊರಲ್ಲಿ ಇರುವುದಿಲ್ಲವಲ್ಲ ಅಂತ ಅವತ್ತೇ ಮಣೆ ಹಾಕಿ ಕೂರಿಸಿ, ಉಂಗುರ ಅಡಿಕೆ ನಿವಾಳಿಸಿ, ಆರತಿ ಬೆಳಗಿದರು. ಗಂಡ ನನ್ನ ಮುಖ ನೋಡಲಿಲ್ಲ.

ಬಸ್ಸಿನಲ್ಲಿ ರಾತ್ರಿಯೆಲ್ಲ ಆ ಚೀಲ ತೊಡೆ ಮೇಲೆಯೇ ಇಟ್ಟುಕೊಂಡಿದ್ದೆ. ಅಷ್ಟು ಭಕ್ತಿ ಇತ್ತು ನನಗೆ, ಪಣಜಿ ಬರುವವರೆಗೆ.

ಶನಿವಾರ ಮಧ್ಯಾಹ್ನ ಹಡಗಿಗೆ ಹೋಗುವ ದೋಣಿಯ ಕಟ್ಟೆಯಲ್ಲಿ ಪಾಳಿ ಹಚ್ಚಿದ್ದೆವು. ಹೊಸ ಜೀನ್ಸು ಹಾಕಿದ್ದೆ, ಹೆಗಲಿಗೆ ಉಡಿಯ ಚೀಲ. ಲಾಡ್ಜಿನಲ್ಲಿ ಬಿಟ್ಟು ಬರಲು ಮನಸ್ಸಾಗಿರಲಿಲ್ಲ. ತಪಾಸಣೆಗೆ ನಿಂತವನು ಚೀಲ ತೆಗೆದು ನೋಡಿದ. ಕಾಯಿ, ಅಕ್ಕಿ ಒಳಗೆ ಬಿಡುವುದಿಲ್ಲ ಅಂದ. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಒಬ್ಬಾಕೆ, ಜೂಜಿನ ಮೇಜಿಗೆ ಕಾಯಿ ಒಡೆಯುತ್ತಾರೇನೋ ಅಂತ ಹಿಂದಿಯಲ್ಲಿ ಗಂಡನ ಕಿವಿಯಲ್ಲಿ ಅಂದಳು, ನನಗೆ ಕೇಳಿಸಿತು. ನಾನೂ ನಕ್ಕೆ! ಅದು ನೆನಪಾದರೆ ಈಗಲೂ ಮೈ ಬಿಸಿಯಾಗುತ್ತದೆ. ನಕ್ಕು, ಇಲ್ಲೇ ಎಲ್ಲಾದರೂ ಇಡಿ ಅಂತ ಆ ಮನುಷ್ಯನ ಕೈಗೆ ಕೊಟ್ಟೆ. ಅವನು ನಗಲಿಲ್ಲ. ಚೀಲವನ್ನು ಕಣ್ಣಿಗೆ ಒತ್ತಿಕೊಂಡು, ಬೂಟು ಬ್ಯಾಗುಗಳ ಜೊತೆ ಇಡದೆ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಇಟ್ಟ.

ಅಷ್ಟರಲ್ಲಿ ಅತ್ತೆಯ ಫೋನು. ನಮ್ಮ ಮಾತಿನ ಪ್ರಕಾರ ಬೆಳಿಗ್ಗೆಯೇ ಕೊಲ್ಲಾಪುರ ಮುಟ್ಟಿರಬೇಕಲ್ಲ. ದರ್ಶನ ಆಯಿತೇ ಅಂತ ಕೇಳಿದರು. ಆಯಿತು ಅಂದೆ. ಉಡಿ ತುಂಬಿದಿಯಾ ಅಂದರು. ತುಂಬಿದೆ ಅಂದೆ. ಫೋನು ಇಡುತ್ತಾರೆ ಅಂದುಕೊಂಡೆ.

"ಅಮ್ಮ ಇವತ್ತ ಯಾವ ಬಣ್ಣದ್ದ ಉಟ್ಟಿದ್ಲು?"

ಇದು ನಮ್ಮ ಹೆಂಗಸರೆಲ್ಲ ಕೇಳುವ ಪ್ರಶ್ನೆ. ಹೋಗಿ ಬಂದವರ ಕಣ್ಣಿನಿಂದ ತಾವೂ ನೋಡುತ್ತಾರೆ. ನಾನು ಹಸಿರು ಅಂದೆ. ತಾವು ಕಳಿಸಿದ್ದೂ ಹಸಿರೇ, ಅಮ್ಮ ಒಪ್ಪಿಕೊಂಡಿದ್ದಾಳೆ, ಈಗಲೇ ಅಕ್ಕಲಕೋಟೆಗೆ ಫೋನು ಮಾಡುತ್ತೇನೆ ಅಂದರು ಅತ್ತೆ. ದೋಣಿ ಬಂತು, ಹತ್ತಿದೆವು.

ಒಳಗೆ ನನಗೆ ಬೇಜಾರಾಗಿತ್ತು ಅಂತ ಬರೆಯಬೇಕು ಅನ್ನಿಸುತ್ತದೆ. ಆಗಿರಲಿಲ್ಲ. ಬಹಳ ಖುಷಿಯಾಗಿತ್ತು. ಎಲೆ ಹಂಚುವ ಹುಡುಗಿ ನನ್ನ ವಾರಿಗೆಯವಳೇ. ಅಲ್ಲಿ ಬಾಯಿಂದ ಹೇಳುವ ಹಾಗಿಲ್ಲ, ಎಲೆ ಬೇಕಾದರೆ ಮೇಜು ತಟ್ಟಬೇಕು, ಬೇಡವಾದರೆ ಕೈ ಆಡಿಸಬೇಕು. ನಾನು ಮೊದಲೆರಡು ಸಲ "ಬ್ಯಾಡ್ರಿ" ಅಂದುಬಿಟ್ಟೆ. ಆಮೇಲೆ ಹಿಟ್ಟಿನ ಡಬ್ಬಿಯ ಪಟ್ಟಿ ಕಣ್ಣೆದುರಿಗೆ ಬಂದು ನಿಂತಿತು. ಗೆದ್ದೆ. ಮತ್ತೆ ಗೆದ್ದೆ. ಗಂಡ ಹಿಂದೆ ನಿಂತು ಪಕ್ಕದವರಿಗೆಲ್ಲ ಇವಳು ತಾನೇ ಕಲಿತದ್ದು ಅಂತ ಹೇಳುತ್ತಿದ್ದರು. ಕೇಕು ಬಂತು, ಗೊತ್ತಿಲ್ಲದ ಜನ ಚಪ್ಪಾಳೆ ತಟ್ಟಿದರು. ನಾದಿನಿ ನನಗೆ ಒಂದು ಸಲವೂ ನೆನಪಾಗಲಿಲ್ಲ.

ರವಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಟಿದ್ದರೆ ಸಂಜೆಯ ಆರತಿಗೆ ಕೊಲ್ಲಾಪುರದಲ್ಲಿ ಇರುತ್ತಿದ್ದೆವು. ಗಂಡ ಚೀಲ ಕಟ್ಟಿ ಕೂತಿದ್ದರು. ಎರಡೇ ತಾಸು ಮತ್ತೆ ಹೋಗಿ ಬರೋಣ ಅಂತ ನಾನೇ ಹಟ ಹಿಡಿದೆ. ಅವರ ಮೇಲೆ ಹಾಕಬಾರದು, ಅವರು ಎರಡು ಸಲ ಬೇಡ ಅಂದರು. ಹೋದೆವು, ಗೆದ್ದದ್ದೆಲ್ಲ ಹೋಯಿತು, ಬಸ್ಸೂ ಹೋಯಿತು. ಮಧ್ಯಾಹ್ನದ ಬಸ್ಸು ಘಾಟಿನಲ್ಲಿ ಲಾರಿಯೊಂದರ ಹಿಂದೆ ನಿಂತು ನಿಂತು ಕೊಲ್ಲಾಪುರ ಮುಟ್ಟುವಷ್ಟರಲ್ಲಿ ಗುಡಿಯ ಬಾಗಿಲು ಹಾಕಿತ್ತು.

ಗಂಡ ಒಳ್ಳೆಯ ಮಾತೇ ಹೇಳಿದರು. "ಇಲ್ಲೇ ಲಾಡ್ಜಿನ್ಯಾಗ ಇರೋಣ, ಮುಂಜಾನೆ ದರ್ಶನ ಮಾಡಿಕೊಂಡ ಹೋಗೋಣ. ಅಂಗಡಿ ಒಂದಿನ ತಡಾ ತಗದ್ರ ಏನ್ ಮುಳುಗಿ ಹೋಗಂಗಿಲ್ಲ."

ಶನಿವಾರವೇ ಉಡಿ ತುಂಬಿದೆ ಅಂದವಳು ನಾನು. ಸೋಮವಾರದವರೆಗೆ ಯಾಕೆ ಉಳಿದಿರಿ ಅಂದರೆ ಅತ್ತೆಗೆ ಏನು ಹೇಳುವುದು? ಸುಳ್ಳು ಸರಿಯಾಗಿ ಕಾಣಲಿ ಅಂತ ನಿಜ ಮಾಡುವ ಅವಕಾಶ ಬಿಟ್ಟೆ. ಸೊಲ್ಲಾಪುರದ ಬಸ್ಸು ಹತ್ತಿಸಿದೆ.

ನಸುಕಿನಲ್ಲಿ ಬಸ್ಸು ಮಂಗಳವೇಢೆಯಲ್ಲಿ ನಿಂತಿತು. ಸ್ಟ್ಯಾಂಡಿನ ಪಕ್ಕದಲ್ಲಿ ದೇವಿಯ ಒಂದು ಸಣ್ಣ ಗುಡಿ ಕಂಡಿತು. ಉಡಿಯ ಚೀಲ ಹಿಡಿದು ಇಳಿದು ಓಡಿದೆ. ಪೂಜಾರಿ ಇನ್ನೂ ಬಂದಿರಲಿಲ್ಲ. ಹೊಸ್ತಿಲ ಮೇಲೆ ಸೀರೆ, ಕಾಯಿ, ಅಕ್ಕಿ ಎಲ್ಲ ಸುರಿದಂತೆ ಇಟ್ಟೆ. ತಟ್ಟೆಯಲ್ಲಿದ್ದ ಕುಂಕುಮವನ್ನು ಬಸ್ಸಿನ ಟಿಕೀಟಿನಲ್ಲಿ ಕಟ್ಟಿಕೊಂಡೆ. ಕಂಡಕ್ಟರ್ ಸೀಟಿ ಊದುತ್ತಿದ್ದ. ತಿರುಗಿ ಓಡಿದೆ.

ಮನೆಯಲ್ಲಿ ಕೊಲ್ಲಾಪುರದ್ದು ಅಂತ ನಾನು ಕೊಟ್ಟ ಆ ಕುಂಕುಮವನ್ನು ಅತ್ತೆ ಬೆಳ್ಳಿಯ ಭರಣಿಗೆ ಹಾಕಿ ದೇವರ ಮುಂದೆ ಇಟ್ಟರು. ದಿನಾ ದೀಪ ಹಚ್ಚುವಾಗ ಅದಕ್ಕೂ ಕೈ ಮುಗಿಯುತ್ತಿದ್ದರು. ಎರಡು ತಿಂಗಳು ನಾನು ದಿನಾ ಅದನ್ನು ನೋಡಿದೆ. ಪಟ್ಟಿ ಹರಿದು ಹಾಕಿದೆ, ಅದರಿಂದ ಏನೂ ಆಗಲಿಲ್ಲ. ಹೇಳಿಬಿಡೋಣ ಅಂತ ಗಂಡನಿಗೆ ಅಂದರೆ, ದೇವಿಯರೆಲ್ಲ ಒಬ್ಬರೇ, ಸುಮ್ಮನಿರು ಅಂತಿದ್ದರು. ಆದರೆ ಅವರೂ ದೇವರ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಏಳನೇ ತಿಂಗಳಲ್ಲಿ ಅಕ್ಕಲಕೋಟೆಯಲ್ಲಿ ನಾದಿನಿಗೆ ಕುಬಸ, ಸೀಮಂತದ ಶಾಸ್ತ್ರ. ತವರಿನವರಾಗಿ ಸೀರೆ, ಬಳೆ, ಐದು ಥರದ ಉಂಡಿ ತೆಗೆದುಕೊಂಡು ಹೋದೆವು. ಅವರ ಮನೆಯ ಮೇಲಿನ ಖೋಲಿಯಲ್ಲಿ ಅತ್ತೆ, ನಾನು ಇಬ್ಬರೇ ಹರಿವಾಣ ಹೊಂದಿಸುತ್ತಿದ್ದೆವು. ಕೆಳಗೆ ಹಾಡು ಶುರುವಾಗಿತ್ತು. ಅತ್ತೆ ಸೆರಗಿನ ಗಂಟಿನಿಂದ ಆ ಭರಣಿ ತೆಗೆದರು. ಮೊದಲು ನೀನೇ ಹಚ್ಚಬೇಕು, ಅಮ್ಮನ ಕಡೆಯಿಂದ ತಂದವಳು ನೀನು ಅಂತ ನನ್ನ ಕೈಯಲ್ಲಿಟ್ಟರು.

"ಅತ್ತಿ, ಇದು ಕೊಲ್ಲಾಪುರದ್ದಲ್ರಿ."

ಅವರು ಹೂವು ಹೊಂದಿಸುತ್ತಲೇ, "ಮತ್ತ?" ಅಂದರು.

ಹೇಳಿದೆ. ನೆಟ್ಟಗೆ ಹೇಳಲಿಲ್ಲ. ಮೊದಲು ಘಾಟಿನ ಲಾರಿಯ ಮೇಲೆ ಹಾಕಿದೆ, ಆಮೇಲೆ ಬಸ್ಸಿನ ಮೇಲೆ. ಕೊನೆಗೆ ಪಣಜಿ, ಇಸ್ಪೀಟು, ಹಸಿರು ಸೀರೆಯ ಸುಳ್ಳು, ಮಂಗಳವೇಢೆ, ಎಲ್ಲಾ ಬಂತು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಜೂಜಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ ಅವರು. ಒಂದೇ ಕೇಳಿದರು.

"ಅಲ್ಲಿ ಇಡೂ ಮುಂದ ಅಕಿ ಹೆಸರರೆ ಹೇಳಿದಿ?"

ನಾನು ಆ ಹೊಸ್ತಿಲು, ಆ ಸೀಟಿ, ನನ್ನ ಓಟ ಎಲ್ಲಾ ನೆನೆಸಿಕೊಂಡೆ. ಹೌದು ಅಂದರೆ ಮುಗಿದು ಹೋಗುತ್ತಿತ್ತು.

"ನೆನಪಿಲ್ರಿ ಅತ್ತಿ."

ಅತ್ತೆ ಅಲ್ಲೇ ನೆಲಕ್ಕೆ ಕೂತರು. ಕೆಳಗಿನಿಂದ ಹೆಂಗಸರು ಕೂಗುತ್ತಿದ್ದರು, ಹೊತ್ತು ಮೀರುತ್ತದೆ ಅಂತ. ಅವರು ನನ್ನ ಕೈಯಿಂದ ಭರಣಿ ತೆಗೆದುಕೊಂಡರು. "ಅಕಿ ಮುಂದ ಬಾಯಿ ಬಿಡಬ್ಯಾಡ. ಬಸರಿ ಹೆಣ್ಮಗಳು, ಜೀವಕ್ಕ ಹಚ್ಚಿಕೋತಾಳ," ಅಂದು ಗೋಡೆ ಹಿಡಿದು ಎದ್ದು ಮೆಟ್ಟಿಲಿಳಿದರು.

ನಾದಿನಿ ಹಸಿರು ಬಳೆ ತೊಟ್ಟು ಮಣೆ ಮೇಲೆ ಕೂತಿದ್ದಳು. ಅತ್ತೆ ಭರಣಿ ತೆಗೆದದ್ದೇ ಅವಳ ಮುಖ ಅರಳಿತು.

"ವೈನಿ ತಂದಿದ್ದಲ್ಲಾ ಅವ್ವಾ? ಕೊಲ್ಲಾಪುರದ್ದು?"

"ಹೌದವಾ, ಅಮ್ಮಂದು," ಅಂದರು ಅತ್ತೆ. ಕುಂಕುಮ ನೆಟ್ಟಗೆ ಹಚ್ಚಿದರು.

ನಮ್ಮ ಅತ್ತೆ ಗುಡಿಯಲ್ಲಿ ಪ್ರಸಾದ ಕೇಳುವಾಗ ದೇವರ ಹೂವು ಬೀಳದಿದ್ದರೆ ಬಿತ್ತು ಅನ್ನುವವರಲ್ಲ. ಪಕ್ಕದವರೆಲ್ಲ ಬಿತ್ತು ಬಿತ್ತು ಅಂದರೂ, ನನಗೆ ಕಾಣಲಿಲ್ಲ ಅಂತ ಮತ್ತೆ ಅರ್ಧ ತಾಸು ನಿಲ್ಲುವವರು. ನಿಜ ಹೇಳಿದರೆ ನನ್ನ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಅದು ಇಳಿದದ್ದು ಅವರ ಬಾಯೊಳಗೆ, ಸುಳ್ಳಾಗಿ.

ಹೆರಿಗೆ ಸುಖವಾಗಿ ಆಯಿತು, ಹೆಣ್ಣು ಮಗು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರಿಗೆ ಜೀವ ಹಿಡಿದಿಟ್ಟಂತೆ ಆಗಬಾರದು. ಗಂಡ ಅದನ್ನೇ ತೋರಿಸಿ ಇನ್ನಾದರೂ ಬಿಡು ಅನ್ನುತ್ತಾರೆ. ಆದರೆ ಹೆರಿಗೆಗೆ ಮೊದಲು, ಕುಬಸ ಆದ ವಾರವೇ, ಅತ್ತೆ ಕೊಲ್ಲಾಪುರಕ್ಕೆ ಹೊರಟರು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಪಕ್ಕದ ಮನೆಯವರನ್ನು ಜೊತೆ ಮಾಡಿಕೊಂಡು. ಬೆಳಿಗ್ಗೆ ಬೇಗ ಎದ್ದು ನಾನೇ ಉಡಿ ಹೊಂದಿಸಿ ಇಟ್ಟಿದ್ದೆ, ಒಂದೂ ಮರೆಯದೆ. ಅತ್ತೆ ಸ್ನಾನ ಮಾಡಿ ಬಂದು ಅದನ್ನು ಬಿಚ್ಚಿದರು. ಒಂದೊಂದಾಗಿ ಹೊರಗೆ ತೆಗೆದು, ಮತ್ತೆ ಒಂದೊಂದಾಗಿ ತಾವೇ ತುಂಬಿದರು.

ನಾನೂ ಬರುತ್ತೇನೆ, ಚೀಲ ಹಿಡಿಯಲಿಕ್ಕಾದರೂ, ಅಂದೆ.

"ಮನ್ಯಾಗಿರು," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ರಿಕ್ಷಾ ಬಂತು. ಚೀಲವನ್ನು ತೊಡೆ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತರು.