ಹಲ್ಲಿನಿಂದ ಕೇಳುತ್ತಿದ್ದ ಮಿಸ್ತ್ರಿ

ಹೋದ ವಾರ ದಾವಣಗೆರೆಯ ಆನೆಕೊಂಡದ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ತಮ್ಮ ಹಳೇ ಡೀಸೆಲ್ ಜೀಪು ಚಾಲೂ ಮಾಡಿದರು. ಫ್ಯಾನ್ ಬೆಲ್ಟು ಕಿರ್ರೋ ಎಂದು ಕೂಗಿಕೊಂಡಿತು. ಹಿಂದೆಯೇ ರಬ್ಬರ್ ಸುಟ್ಟ ವಾಸನೆ ನಾನು ಕೂತ ಕಟ್ಟೆಯ ತನಕ ಬಂತು. "ಹೊಸಾ ಬೆಲ್ಟ್ ಹಾಕ್ಸೀನ್ರಿ ಅಜ್ಜಾರ, ಆದ್ರೂ ಕೂಗ್ತೈತೆ" ಎಂದರು. ಬೆಲ್ಟು ಸುತ್ತುವ ಪುಲ್ಲಿಯ ಬೇರಿಂಗ್ ನೋಡಬೇಕೆಂದು ಪುಣ್ಯಾತ್ಮರಿಗೆ ಹೊಳೆದೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ವಾಸನೆಗೆ ಮಿಸ್ತ್ರಿ ಚಾಚಾ ನೆನಪಾಗಿಬಿಟ್ಟಿದ್ದರು...

ಅರವತ್ತರ ದಶಕದ ಮಾತು. ನಾನಾಗ ಹರಿಹರ–ದಾವಣಗೆರೆ ನಡುವೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನ ಡ್ರೈವರು. ಅಷ್ಟು ಹೊತ್ತಿಗೇ ಮುದಿಯಾಗಿದ್ದ ಡೀಸೆಲ್ ಗಾಡಿ ಅದು. ಡ್ರೈವರ್ ಬಾಯಿಗಿಂತ ಇಂಜಿನ್ನಿನ ಸದ್ದೇ ಕಡಿಮೆ ಎಂದು ಕಂಡಕ್ಟರು ನನ್ನನ್ನು ಆಡಿಕೊಳ್ಳುತ್ತಿದ್ದ. ಗಾಡಿ ರಾತ್ರಿ ಹರಿಹರದಲ್ಲಿ ತಂಗುತ್ತಿತ್ತು. ಚಾಚಾ ಅದೇ ಊರಿನವರು, ಮಾಲೀಕರ ಗ್ಯಾರೇಜಿನಲ್ಲಿ ಮಿಸ್ತ್ರಿ. ದಿನಾ ಮೊದಲ ಟ್ರಿಪ್ಪಿಗೆ ಮುಂಚೆ ಬಾನೆಟ್ ಎತ್ತಿ ನಿಲ್ಲುತ್ತಿದ್ದರು.

ಮೊದಲು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವರು. ಹೆಚ್ಚು ಬಿಗಿಯಾಗಿದ್ದರೆ, ಅದೇ ಬೆಲ್ಟಿನಿಂದ ತಿರುಗುವ ಡೈನಮೋದ ಬೋಲ್ಟ್ ಸಡಿಲಿಸಿ ಅದನ್ನು ಸ್ವಲ್ಪ ಒಳಕ್ಕೆ ತಳ್ಳುವರು. "ಬಿಗಿ ಮಾಡಿದ್ರೆ ಕೂಗು ನಿಲ್ತೈತೆ ತಮ್ಮಾ, ಆದ್ರೆ ಬೇರಿಂಗ್ ಸಾಯ್ತೈತೆ" ಎನ್ನುವುದು ಅವರ ಮಾತು. ಆಮೇಲೆ ಇಂಜಿನ್ ಚಾಲೂ ಮಾಡಿಸಿ, ಒಂದೂವರೆ ಮೊಳದ ಜಾಲಿ ಕೋಲಿನ ಒಂದು ತುದಿಯನ್ನು ವಾಟರ್ ಪಂಪಿನ ಮೈಗೆ ಒತ್ತಿ, ಇನ್ನೊಂದನ್ನು ಕಿವಿಗೆ ಇಟ್ಟುಕೊಳ್ಳುವರು. ಒಳಗೆ ಬೇರಿಂಗ್ ನುಣ್ಣಗೆ ತಿರುಗುತ್ತಿದೆಯೋ, ಕರಕರ ಎನ್ನುತ್ತಿದೆಯೋ, ಕೋಲು ಹೇಳುತ್ತಿತ್ತು. ಡೈನಮೋಕ್ಕೂ ಅದೇ ಪರೀಕ್ಷೆ.

ಒಂದು ಬೇಸಿಗೆಯಲ್ಲಿ ಕೋಲು ಕಿವಿಯಿಂದ ಬಾಯಿಗೆ ಬಂತು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತಿರುತ್ತಿದ್ದರು. "ಯಾಕ ಚಾಚಾ, ನಾಷ್ಟಾ ಆಗಿಲ್ಲೇನು? ಕೋಲೇ ತಿನ್ನಾಕ ಹತ್ತೀರಲ್ಲ" ಎಂದು ಕಿಚಾಯಿಸುತ್ತಿದ್ದೆ. ನಕ್ಕುಬಿಡುತ್ತಿದ್ದರು. ಏನು ಹೇಳಿದರೂ ನಗುತ್ತಿದ್ದರು.

ಒಂದು ಬೆಳಿಗ್ಗೆ ತಮಾಷೆಗೆಂದು, ಅವರು ಬಾನೆಟ್ಟಿಗೆ ಬೆನ್ನು ಮಾಡಿ ನಿಂತಿದ್ದಾಗ ಜೋರಾಗಿ ಹಾರ್ನ್ ಹೊಡೆದೆ. ಕಂಡಕ್ಟರು ಹೌಹಾರಿದ. ಚಾಚಾ ಮಾತ್ರ ಕೈ ಒರೆಸಿಕೊಳ್ಳುತ್ತ ಹಾಗೇ ನಿಂತಿದ್ದರು. ನಾನು ಇಳಿದು ಅವರ ಮುಂದೆ ಹೋಗಿ ನಿಂತೆ. ನನ್ನ ಮುಖ ನೋಡಿದ್ದೇ ಅವರಿಗೆ ತಿಳಿದುಹೋಯಿತು.

"ಕಿವಿ ಹೋಗ್ಯಾವ ತಮ್ಮಾ" ಎಂದರು. "ಕೋಲು ಕಚ್ಚಿದ್ರೆ ತಲಿ ಒಳಗ ಕೇಳಿಸ್ತೈತೆ. ಮಾಲೀಕರಿಗೆ ಹೇಳಬ್ಯಾಡ. ಈ ಕೆಲಸ ಬಿಟ್ರೆ ನಂಗೇನೂ ಬರಂಗಿಲ್ಲ."

ನನ್ನ ಬೆನ್ನ ಹಿಂದೆ ಬಸ್ಸಿನ ತುಂಬ ಜನ ಕೂರುತ್ತಿದ್ದರು. ಬರೀ ಅವರ ಮಾತು ನಂಬಿ ಹೇಗೆ ಬಿಡಲಿ? ಅವರು ನೋಡಿಹೋದ ಮೇಲೆ ನಾನೂ ಇಂಜಿನ್ ನಿಲ್ಲಿಸಿ, ಬೆಲ್ಟ್ ಕಳಚಿ, ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ, ಅಲ್ಲಾಡಿಸಿ ನೋಡತೊಡಗಿದೆ. ಅವರು ಚೆನ್ನಾಗಿದೆ ಎಂದದ್ದು ಚೆನ್ನಾಗಿಯೇ ಇರುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ನನ್ನಂಥವನಿಗೆ ಅದೇನು ಸಣ್ಣ ಕೆಲಸವಲ್ಲ.

ಆದರೆ ಬೇರಿಂಗಿನ ಸದ್ದು ಕೋಲಿನಲ್ಲಿ ಬರುತ್ತದೆ, ಹಿಂದಿನಿಂದ ಬರುವ ಬಸ್ಸಿನ ಸದ್ದು ಬರುವುದಿಲ್ಲ. ಗ್ಯಾರೇಜಿನಲ್ಲಿ ಇನ್ನೊಂದು ಗಾಡಿ ರಿವರ್ಸ್ ಬರುತ್ತಿದ್ದಾಗ ಎಲ್ಲರೂ ಕೂಗಿಕೊಂಡರೂ ಚಾಚಾ ಸರಿಯಲಿಲ್ಲ. ಯಾರೋ ರಟ್ಟೆ ಹಿಡಿದು ಎಳೆದರು. ಕೂದಲೆಳೆಯಲ್ಲಿ ಉಳಿದುಕೊಂಡರು. ಮಾಲೀಕರು ಅವತ್ತೇ ಅವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು.

ನಾನು ಜಗಳಕ್ಕೆ ಹೋದೆ. "ನಾಳೆ ಏನಾರ ಆದ್ರೆ ಅವ್ರ ಹೆಂಡ್ತಿ ಮುಂದ ನಾ ಹೆಂಗ ನಿಲ್ಲಲಪ್ಪ? ನೀನೇ ಹೇಳು" ಎಂದರು ಮಾಲೀಕರು. ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಸ್ವಲ್ಪ ದಿನ ಬಿಟ್ಟು ಚಾಚಾರ ಮನೆಗೆ ಹೋದೆ. ಓಣಿಯ ತಿರುವಿನಲ್ಲೇ ಅವರ ಹೆಂಡತಿ ಚಾಚಿಯ ದನಿ ಕೇಳಿತು. "ಚಾ ತಗೊಳ್ರೀ! ಚಾ! ಚಾ ಅಂದೆ!" ಆ ಮನೆಯಲ್ಲಿ ಯಾರು ಏನು ತಿಂದರು, ಯಾರಿಗೆ ಹೊಟ್ಟೆನೋವು ಎಂಬುದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಚಾಚಾ ಹೊಸ್ತಿಲ ಹತ್ತಿರ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ಗಾಡಿ ಹೆಂಗೈತೆ?" ಎಂದು ಕೇಳಿದರು.

ಚೆನ್ನಾಗೈತೆ ಎಂದು ಅರಚಿದೆ. ಅವರು ನಕ್ಕರು, ಅದೇ ನಗು. ಒಂದಕ್ಷರವೂ ಕೇಳಿಸಿರಲಿಲ್ಲ. ಅದೇನು ತೋಚಿತೋ, ಕೋಲು ಎತ್ತಿ ಒಂದು ತುದಿಯನ್ನು ಅವರ ಬಾಯಿಗೆ ಹಿಡಿದೆ. ಇನ್ನೊಂದನ್ನು ನನ್ನ ಗಂಟಲಿಗೆ ಒತ್ತಿಕೊಂಡು ಮೆಲ್ಲಗೆ ಹೇಳಿದೆ: "ಗಾಡಿ ಚೆನ್ನಾಗೈತೆ ಚಾಚಾ."

ಅವರ ಕಣ್ಣು ಅರಳಿತು. ಕೋಲು ಬಾಯಿಂದ ತೆಗೆದು, ನನ್ನನ್ನೊಮ್ಮೆ ಅದನ್ನೊಮ್ಮೆ ನೋಡಿದರು. "ನಿನ್ನ ದನಿ... ನಿಂದೇ ದನಿ" ಎಂದರು. ಇಷ್ಟು ವರ್ಷ ಇಂಜಿನ್ನಿಗೆ ಇಟ್ಟಿದ್ದನ್ನು ಮನುಷ್ಯರಿಗೆ ಇಡಬಹುದೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಚಾಚಿಯನ್ನು ಕರೆದರು. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ನಾನಿದ್ದೇನೆಂದು ಹಿಂಜರಿದರು. ಚಾಚಾ ತಾವೇ ಕೋಲಿನ ತುದಿಯನ್ನು ಅವರ ಕಡೆ ಚಾಚಿದರು. ಚಾಚಿ ಅದನ್ನು ಗಂಟಲಿಗೆ ಇಟ್ಟುಕೊಂಡು, ಮುಖ ಆಚೆ ತಿರುಗಿಸಿ ಏನೋ ಹೇಳಿದರು. ಎರಡು ಮಾರು ದೂರ ಸರಿದು ನಿಂತಿದ್ದ ನನಗೆ ಕೇಳಿಸಲಿಲ್ಲ. ಅಷ್ಟು ಸಣ್ಣ ದನಿ. ಚಾಚಾರ ಮುಖ ಕೆಂಪಗಾಯಿತು. ಆ ಬಿಳಿ ಗಡ್ಡದ ಮನುಷ್ಯ ಕೋಲು ಕಚ್ಚಿಕೊಂಡೇ ನಗತೊಡಗಿದರು. ಕಣ್ಣಲ್ಲಿ ನೀರೂ ಬಂತು.

"ಏನಂದ್ರಿ ಚಾಚಿ?" ಎಂದು ನಾನು ಕೇಳಿದೆ. ತಡೆಯಲಾಗಲಿಲ್ಲ.

"ನಿಂಗ್ಯಾಕಪ್ಪಾ ಅದೆಲ್ಲ? ಸುಮ್ನ ಚಾ ಕುಡಿ!" ಎಂದು ಓಣಿಗೆಲ್ಲ ಕೇಳುವಂತೆ ಗದರಿದರು.

ಆಮೇಲೆ ಆ ಮನೆ ತಣ್ಣಗಾಯಿತು. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೇನೋ ಎಂದು ಅಕ್ಕಪಕ್ಕದವರು ಗುಸುಗುಸು ಮಾತಾಡಿಕೊಂಡರಂತೆ.

ಈಗ ಇಬ್ಬರೂ ಇಲ್ಲ. ಆ ಬಸ್ಸು ಯಾವ ಗುಜರಿಗೆ ಹೋಯಿತೋ... ನನಗೂ ಕಿವಿ ಮಂದವಾಗಿ, ಮಗಳು ಮಷೀನು ತಂದುಕೊಟ್ಟಿದ್ದಾಳೆ. ಪಕ್ಕದ ಮನೆಯ ಬೆಲ್ಟಿನ ಕೂಗು, ಬೀದಿಯ ಜಗಳ, ಎಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ, ನನಗೊಬ್ಬನಿಗೇ ಕೇಳಲೆಂದು ಮೆಲ್ಲಗೆ ಮಾತಾಡುವವರು ಮಾತ್ರ ಮನೆಯಲ್ಲಿ ಯಾರೂ ಇಲ್ಲ.